ಎಂಜಿನ್ ಇಲ್ಲದ ವಿಮಾನದಲ್ಲಿ ಒಂದು ಶನಿವಾರ

"ಅಲ್ಲಾ ಕಣೋ, ಎಂಜಿನ್ನೇ ಇಲ್ದಿರೋ ವಿಮಾನ ಹತ್ತೋಕೆ ದುಡ್ಡು ಬೇರೆ ಕೊಡ್ತೀಯಾ?" ಅಂತ ಅಮ್ಮ ಫೋನಿನಲ್ಲಿ ಕೇಳಿದಾಗ ನಕ್ಕು ಮಾತು ಮರೆಸಿದೆ. ಹಿಂದಿನ ಶನಿವಾರ ಏನಾಯಿತು ಅಂತ ಹೇಳುವ ಧೈರ್ಯ ಇರಲಿಲ್ಲ.

ಸ್ಟುಟ್‌ಗಾರ್ಟ್‌ನಿಂದ ಒಂದು ಗಂಟೆಯೊಳಗಿನ ದಾರಿ. ಬೆಟ್ಟಸಾಲಿನ ಕೆಳಗೆ ಹುಲ್ಲುಗಾವಲು, ಒಂದು ಶೆಡ್ಡು, ಒಂದು ಕಾಫಿ ಮಷೀನು. ಅಷ್ಟೇ ನಮ್ಮ ಗ್ಲೈಡಿಂಗ್ ಕ್ಲಬ್ಬು. ಮೊದಲ ಮಹಾಯುದ್ಧ ಸೋತ ಮೇಲೆ ವರ್ಸೇಲ್ಸ್ ಒಪ್ಪಂದ ಜರ್ಮನರ ಎಂಜಿನ್ ವಿಮಾನಗಳಿಗೆ ಕಡಿವಾಣ ಹಾಕಿತು. ಹಾರುವ ಹುಚ್ಚು ಹತ್ತಿದ್ದ ಹುಡುಗರು ಸುಮ್ಮನಿರಲಿಲ್ಲ, ಎಂಜಿನ್ ಇಲ್ಲದೆಯೇ ಹಾರಲು ಹೊರಟರು. 1920ರಲ್ಲಿ ವಾಸರ್‌ಕುಪ್ಪೆ ಬೆಟ್ಟದ ಮೇಲೆ ಸ್ಪರ್ಧೆಯನ್ನೇ ನಡೆಸಿದರು. ಆ ಹುಚ್ಚು ಇನ್ನೂ ಇಳಿದಿಲ್ಲ.

ಇಲ್ಲಿ ದುಡ್ಡು ಕೊಟ್ಟು ಗಿರಾಕಿಯ ಥರ ಕೂತ್ಕೊಳ್ಳೋ ಹಾಗಿಲ್ಲ. ಬೆಳಗ್ಗೆ ಎಲ್ಲರೂ ಸೇರಿ ಗ್ಲೈಡರ್ ಹೊರಗೆ ತಳ್ಳಬೇಕು, ತೊಳೆಯಬೇಕು, ಒಂದೊಂದು ಕೀಲನ್ನೂ ಮುಟ್ಟಿ ನೋಡಬೇಕು. ಒಬ್ಬರು ಹಾರುವಾಗ ಇನ್ನೊಬ್ಬರು ರೆಕ್ಕೆ ಹಿಡಿಯಬೇಕು, ಮತ್ತೊಬ್ಬರು ಹಗ್ಗ ಎಳೆದು ತರಬೇಕು. ಕಲಿಸುವ ಮೇಷ್ಟ್ರು ಕೂಡ ಸಂಬಳ ತಗೊಳ್ಳಲ್ಲ. ಎಪ್ಪತ್ತು ದಾಟಿದ ನಿವೃತ್ತ ಮೆಕ್ಯಾನಿಕ್. ಮಾತು ಕಡಿಮೆ, ಅದೂ ಹಳ್ಳಿ ಜರ್ಮನ್. ಆಫೀಸಿನ ಜರ್ಮನ್ ಮಾತ್ರ ಬರುವ ನನಗೆ ಅರ್ಧ ತಲೆಗೆ ಹೋಗಲ್ಲ.

ಹಾರಿಸೋದು ಹೀಗೆ: ಸುಮಾರು ಒಂದು ಕಿಲೋಮೀಟರ್ ಆಚೆ ವಿಂಚ್ ಇರುತ್ತೆ. ಅಂದ್ರೆ ದೊಡ್ಡ ಎಂಜಿನ್ನಿನ ರಾಟೆ. ಅದರ ಹಗ್ಗವನ್ನು ಗ್ಲೈಡರ್ ಹೊಟ್ಟೆಗೆ ಸಿಕ್ಕಿಸ್ತಾರೆ. ಹಗ್ಗ ಬಿಗಿಯಾಯ್ತು ಅಂತ ರೇಡಿಯೋದಲ್ಲಿ ಕೂಗಿದ ಕೂಡಲೇ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತೆ. ಕಣ್ಣೆದುರು ಬರೀ ಆಕಾಶ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಮುನ್ನೂರು, ನಾನೂರು ಮೀಟರ್ ಮೇಲೆ.

ಮಧ್ಯದಲ್ಲಿ ಹಗ್ಗ ಕಡಿದರೆ? ಮೂಗು ಆಕಾಶ ನೋಡ್ತಿದೆ, ಎಳೆಯೋರು ಯಾರೂ ಇಲ್ಲ, ವೇಗ ಸರ್ರನೆ ಇಳಿಯುತ್ತೆ. ತಕ್ಷಣ ಕೋಲನ್ನು ಮುಂದಕ್ಕೆ ತಳ್ಳಿ ಮೂಗು ಬಗ್ಗಿಸಬೇಕು. ವೇಗ ವಾಪಸ್ ಬರೋವರೆಗೂ ತಿರುಗಿಸಬಾರದು, ಬ್ರೇಕ್ ತೆಗೆಯಬಾರದು. ಇದನ್ನು ಕಲಿಯದವನನ್ನು ಒಬ್ಬನೇ ಹಾರಲು ಬಿಡಲ್ಲ. ಹಿಂದಿನ ವಾರ ಮೇಷ್ಟ್ರು ಹೇಳದೇ ಕೇಳದೇ ಹಿಂದಿನ ಸೀಟಿನಿಂದ ಹಳದಿ ಹಿಡಿ ಎಳೆದು ಹಗ್ಗ ಬಿಡಿಸಿದ್ದರು. ನಾನು ಕಲ್ಲಾದೆ. ಏನೂ ಮಾಡಲಿಲ್ಲ. ಕೋಲು ತಳ್ಳಿದ್ದು ಅವರೇ. ಇಳಿದ ಮೇಲೆ ಬೈದಿದ್ದರೂ ಸಮಾಧಾನ ಆಗ್ತಿತ್ತೇನೋ. ಹೆಗಲು ತಟ್ಟಿ ಹೋದರು. ವಾರವಿಡೀ ಮೀಟಿಂಗಿನಲ್ಲೂ ಅದೇ ಕಣ್ಮುಂದೆ. ಬಿಟ್ಟುಬಿಡೋಣ ಅಂತ ಎರಡು ಸಲ ಮೆಸೇಜ್ ಟೈಪ್ ಮಾಡಿ ಅಳಿಸಿದೆ.

ಈ ಶನಿವಾರ ಮೊದಲ ಹಾರಾಟದಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ನೂರು ಮೀಟರಿಗೇ 'ಟಪ್' ಅಂತು. ಮೂಗು ಬಗ್ಗಿಸಿದೆ. ಆದರೆ ಕೈ ಆಗಲೇ ಬ್ರೇಕಿನ ನೀಲಿ ಹಿಡಿಗೆ ಹೋಗಿತ್ತು. "ವೇಗ!" ಅಂದರು ಹಿಂದಿನಿಂದ. ಕೈ ತೆಗೆದೆ. ಮುಳ್ಳು ಮೇಲೇರಿದ ಮೇಲೆ ಬ್ರೇಕ್ ತೆಗೆದು ಎದುರಿನ ಹುಲ್ಲಿನಲ್ಲೇ ಇಳಿಸಿದೆ. ಅರ್ಧ ಮಾರ್ಕು.

ಮೂರನೆಯ ಸಲ ಮತ್ತೆ ಹಗ್ಗ ಬಿಡಿಸಿದರು. ಮೂಗು ಕೆಳಗೆ. ಹಳದಿ ಹಿಡಿ ಎರಡು ಸಲ ಎಳೆದೆ. ಕಾದೆ. ಆ ಕಾಯುವುದೇ ಕಷ್ಟ ನೋಡಿ, ನೆಲ ಎದ್ದು ಬರ್ತಿರುವಾಗ! ಗಾಳಿಯ ಸದ್ದು ಏರಿತು, ಮುಳ್ಳು ನೂರು ಮುಟ್ಟಿತು, ಆಮೇಲೆ ಬ್ರೇಕು. ಹಿಂದಿನ ಸೀಟಿನಿಂದ ಒಂದು ಮಾತೂ ಬರಲಿಲ್ಲ. ಇಳಿದು ನೋಡಿದರೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಮಧ್ಯಾಹ್ನ ಯಾರೋ ತಂದ ಪ್ಲಮ್ ಕೇಕ್ ತಿಂದು ಮತ್ತೆ ಹತ್ತಿದೆವು. ಈ ಸಲ ಹಗ್ಗ ಪೂರ್ತಿ ಎಳೆಯಿತು. ಬೆಟ್ಟದ ಅಂಚಿನಲ್ಲಿ ಸೀಳುಬಾಲದ ಕೆಂಪು ಹದ್ದೊಂದು ರೆಕ್ಕೆ ಬಡಿಯದೇ ಸುತ್ತುತ್ತಿತ್ತು. ಮೇಷ್ಟ್ರು ಬೆರಳು ತೋರಿಸಿದರು. ಹತ್ತಿರ ಹೋಗುತ್ತಿದ್ದಂತೆ ಸೀಟು ಕೆಳಗಿನಿಂದ ಯಾರೋ ಎತ್ತಿದ ಹಾಗೆ ಆಯ್ತು, ಮೀಟರ್ ಕಿಚಕಿಚ ಅನ್ನತೊಡಗಿತು. ಬಿಸಿಗಾಳಿಯ ಕಂಬ. ಹದ್ದಿನ ಹಿಂದೆಯೇ, ಅದು ತಿರುಗುವ ದಿಕ್ಕಿನಲ್ಲೇ ನಾವೂ ತಿರುಗಿದೆವು. ಸೆಕೆಂಡಿಗೆ ಎರಡು ಮೀಟರ್ ಮೇಲೆ ಮೇಲೆ. ಮೋಡದ ಕೆಳಗಿನವರೆಗೂ.

ನಮ್ಮೂರ ತೇರಿನ ದಿನ ಗರುಡ ಬಂದು ಮೇಲೆ ಸುತ್ತು ಹಾಕಿದ ಮೇಲೇ ತೇರು ಎಳೆಯುತ್ತಿದ್ದರು. ಬಂದೇ ಬರ್ತಿತ್ತು, ಅದೂ ನಡುಮಧ್ಯಾಹ್ನಕ್ಕೆ ಸರಿಯಾಗಿ. ನೆಲ ಕಾದು ಗಾಳಿ ಏಳುವ ಹೊತ್ತು ಅದು ಅಂತ ಈಗ ಗೊತ್ತಾಯ್ತು. ಹಾಗಂತ ಅಜ್ಜಿ ಎದುರು ಹೇಳೋಕೆ ಹೋಗಲ್ಲ. ಅವತ್ತು ಅಜ್ಜಿಯ ಪಕ್ಕ ನಿಂತು ಕೈಮುಗಿದ ನೆನಪನ್ನು ಬಿಟ್ಟುಕೊಡೋಕೆ ಇಷ್ಟವೂ ಇಲ್ಲ.

ನಲವತ್ತೇಳು ನಿಮಿಷ ಮೇಲಿದ್ದೆವು. ಸಂಜೆ ಗ್ಲೈಡರ್ ಒರೆಸಿ ಶೆಡ್ಡಿಗೆ ತಳ್ಳಿದ ಮೇಲೆ ಮೇಷ್ಟ್ರು ನನ್ನ ಲಾಗ್‌ಬುಕ್ಕಿಗೆ ಸಹಿ ಹಾಕಿದರು. ಇಲ್ಲಿ ಒಂದು ಪದ್ಧತಿ ಇದೆ: ಮೊದಲ ಸಲ ಒಬ್ಬರೇ ಹಾರಿ ಇಳಿದವರನ್ನು ಬಗ್ಗಿಸಿ, ಕ್ಲಬ್ಬಿನವರೆಲ್ಲ ಸಾಲಾಗಿ ಬಂದು ಅಂಡಿನ ಮೇಲೆ ಬಾರಿಸ್ತಾರೆ. ಬಿಸಿಗಾಳಿ ಎಲ್ಲಿದೆ ಅಂತ ಪೈಲಟ್‌ಗೆ ಮೊದಲು ಹೇಳೋದೇ ಅದಲ್ವಾ, ಅದಕ್ಕೆ ಸೂಕ್ಷ್ಮ ಬರಲಿ ಅಂತ! ಆಮೇಲೆ ಕೈಗೆ ಮುಳ್ಳಿನ ಗಿಡಗಳ ಗೊಂಚಲು.

ಪುಸ್ತಕ ವಾಪಸ್ ಕೊಡುತ್ತಾ ಮೇಷ್ಟ್ರು ಅಂದರು, "ಮುಂದಿನ ಶನಿವಾರ ದಪ್ಪ ಪ್ಯಾಂಟು ಹಾಕ್ಕೊಂಡು ಬಾ."