ಹೊಲಸು ಕಥಿ ಅಂತೀರಿ, ಆದ್ರೂ ಯಾಕ ಓದತೀವಿ?

ಕಳೆದ ಬೇಸಿಗೆಯಲ್ಲಿ ನಮ್ಮ ಅತ್ತೆಯವರು ಬಚ್ಚಲದಲ್ಲಿ ಜಾರಿ ಕಾಲು ಮುರಿದುಕೊಂಡರು. ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ದವಾಖಾನೆಯಲ್ಲಿ ಒಂಬತ್ತು ದಿನ ಇದ್ದೆವು. ಹಗಲು ಸುದ್ದಿಯ ಓಡಾಟ, ರಾತ್ರಿ ವಾರ್ಡಿನ ಹೊರಗೆ ಚಾಪೆ. ಆ ವರಾಂಡದಲ್ಲಿ ತಿಕೋಟಾ, ಬಬಲೇಶ್ವರ, ಹೊರ್ತಿ, ಝಳಕಿ ಕಡೆಯ ಹೆಂಗಸರು ಸಾಲಾಗಿ ಮಲಗಿರುತ್ತಿದ್ದರು. ಹತ್ತು ಗಂಟೆಗೆ ದೊಡ್ಡ ದೀಪ ಆರಿಸುತ್ತಿದ್ದರು. ಆಮೇಲೆ ಅಲ್ಲೊಂದು ಇಲ್ಲೊಂದು ಫೋನಿನ ಬೆಳಕು.

ನಮ್ಮ ಪಕ್ಕದ ಚಾಪೆಯಲ್ಲಿ ಬಬಲೇಶ್ವರ ತಾಲ್ಲೂಕಿನ ಒಬ್ಬಾಕೆ ಇದ್ದಳು. ಮೂವತ್ತರ ಆಸುಪಾಸು. ಮಾವನ ಆಪರೇಷನ್ನಿಗೆ ಬಂದವಳು. ಸುಗ್ಗಿಯಲ್ಲಿ ಒಣದ್ರಾಕ್ಷಿ ಶೆಡ್ಡಿಗೆ ಹೋಗುತ್ತಾಳೆ, ಉಳಿದ ದಿನ ಹೊಲದ ಕೆಲಸ. ಸೆರಗು ತಲೆಯ ಮೇಲೆ ಎಳೆದುಕೊಂಡು, ಫೋನನ್ನು ಸೆರಗಿನೊಳಗೇ ಹಿಡಿದು ಓದುತ್ತಿದ್ದಳು. ನಡುನಡುವೆ ತನ್ನಷ್ಟಕ್ಕೆ ನಗುತ್ತಿದ್ದಳು. ವರದಿಗಾರರ ಕಣ್ಣು ಸುಮ್ಮನಿರುತ್ತದೆಯೇ? ಹಣಕಿ ನೋಡಿದೆವು.

ಅದೊಂದು ಧಾರಾವಾಹಿ ಕಥೆ, 84ನೇ ಭಾಗ. ನಾಯಕ ದೊಡ್ಡ ಕಂಪನಿಯ ಮಾಲೀಕ, ಮೂಗಿನ ಮೇಲೆ ಸಿಟ್ಟು. ನಾಯಕಿ ಅಪ್ಪನ ಸಾಲ ತೀರಿಸುವ ಸಲುವಾಗಿ ಒಂದು ವರ್ಷದ ಕರಾರಿನ ಮದುವೆಗೆ ಒಪ್ಪಿದವಳು. ಆ ಭಾಗದಲ್ಲಿ ಇಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಸಿನಿಮಾದಲ್ಲಾದರೆ ಅಲ್ಲಿಗೆ ಎರಡು ಹೂ ಬಡಿದಾಡಿ ದೃಶ್ಯ ಮುಗಿಯುತ್ತದೆ. ಇಲ್ಲಿ ಮುಗಿದಿರಲಿಲ್ಲ. ಒಂದು ಪ್ಯಾರಾದಲ್ಲಿ ಏಳು ಕಾಗುಣಿತದ ತಪ್ಪು ನಮಗೆ ಕಂಡವು.

ನಾವು ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವರು. ಒಳ್ಳೆಯ ಸಾಹಿತ್ಯ ಯಾವುದು, ಕಸ ಯಾವುದು ಅಂತ ಕ್ಲಾಸಿನಲ್ಲಿ ಬರೆಸಿಕೊಂಡವರು. ಅಕ್ಕನ ಹಾಗೆ ಬುದ್ಧಿ ಹೇಳಿದೆವು: "ಏನಿದು ತಂಗಿ, ಇಂಥಾ ಹೊಲಸು ಕಥಿ ಓದಾಕತ್ತೀ? ಛಲೋ ಪುಸ್ತಕ ಓದಬಾರದಾ?"

ಆಕೆ ಫೋನು ಮಡಿಲಿಗೆ ಹಾಕಿಕೊಂಡಳು. ಹೆದರಿದ್ದಳು. ಆ ಹೆದರಿಕೆ ನೋಡಿ ನಾವು ಬಾಯಿ ಮುಚ್ಚಬೇಕಿತ್ತು, ಮುಚ್ಚಲಿಲ್ಲ.

ಈ ಮಾತು ನಾವೇ ಮೊದಲು ಆಡಿದ್ದಲ್ಲ ಎಂಬುದು ಸಮಾಧಾನ ಕೊಡುವ ಸಂಗತಿಯೇನೂ ಅಲ್ಲ. ಕನ್ನಡದಲ್ಲಿ ಇದಕ್ಕೆ ಹಳೆಯ ಚರಿತ್ರೆಯಿದೆ. ಜನ 'ಕಾದಂಬರಿ ಸಾರ್ವಭೌಮ' ಎಂದು ಕರೆದ ಅ.ನ.ಕೃಷ್ಣರಾಯರು ವೇಶ್ಯಾವೃತ್ತಿಯ ಬಗ್ಗೆ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬರೆದಾಗ ಅಶ್ಲೀಲ ಅಶ್ಲೀಲ ಎಂಬ ಕೂಗೆದ್ದಿತು. ಅನಕೃ ಸುಮ್ಮನಾಗಲಿಲ್ಲ, 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂದು ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಬೈದವರು ಬೈಯುತ್ತಿದ್ದರು, ಓದುವವರು ಓದುತ್ತಿದ್ದರು. ಆಮೇಲೆ ತ್ರಿವೇಣಿ, ಎಂ.ಕೆ.ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ ಅವರ ಕಾದಂಬರಿಗಳನ್ನು ಹೆಂಗಸರು ಬಾಡಿಗೆ ಲೈಬ್ರರಿಯಿಂದ ತಂದು ಪಾಳಿ ಹಚ್ಚಿ ಓದಿದರು. ಅವುಗಳಲ್ಲಿ ಕಾಮದ ವರ್ಣನೆ ಇರಲಿಲ್ಲ. ಆದರೂ 'ಅಡುಗೆಮನೆ ಸಾಹಿತ್ಯ' ಎಂಬ ಹೀಯಾಳಿಕೆ ತಪ್ಪಲಿಲ್ಲ. ಅಂದರೆ ಕಥೆಯಲ್ಲಿ ಏನಿದೆ ಎಂಬುದರ ಜೊತೆಗೆ ಓದುವವರು ಯಾರು ಎಂಬುದರ ಮೇಲೂ ಬೈಗುಳ ನಿಂತಿತ್ತು.

ಇದೇ ಸೊಲ್ಲಾಪುರ ರಸ್ತೆ ಹಿಡಿದು ನೂರು ಕಿಲೋಮೀಟರ್ ಹೋದರೆ ಮಹಾರಾಷ್ಟ್ರದ ಸೊಲ್ಲಾಪುರ ಸಿಗುತ್ತದೆ. ಆ ರಾಜ್ಯದಲ್ಲೂ ಇದೇ ಜಗಳ ನಡೆದು ಕೋರ್ಟಿನವರೆಗೆ ಹೋಯಿತು. 1962ರಲ್ಲಿ 'ರಂಭಾ' ಎಂಬ ಮರಾಠಿ ಪತ್ರಿಕೆಯ ದೀಪಾವಳಿ ಸಂಚಿಕೆಯಲ್ಲಿ ಚಂದ್ರಕಾಂತ ಕಾಕೋಡಕರ ಅವರ 'ಶ್ಯಾಮಾ' ಎಂಬ ಕಥೆ ಬಂತು. ಅಶ್ಲೀಲ ಎಂದು ದೂರು ಬಿತ್ತು. ಬಾಂಬೆ ಹೈಕೋರ್ಟು ಲೇಖಕರನ್ನು ತಪ್ಪಿತಸ್ಥ ಎಂದಿತು. 1969ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಕಾಮದ ಮಾತು ಬಂದ ಮಾತ್ರಕ್ಕೆ ಕಥೆ ಅಶ್ಲೀಲ ಎಂದು ಹಿಡಿದರೆ, ಹರೆಯದವರು ಯಾವ ಕಾದಂಬರಿಯನ್ನೂ ಓದಲಾರರು, ಬರೀ ಧಾರ್ಮಿಕ ಪುಸ್ತಕ ಓದಿಕೊಂಡು ಇರಬೇಕಾಗುತ್ತದೆ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿಗಳು ಅದರಲ್ಲಿ ಬರೆದಿದ್ದಾರೆ.

ಹೊರಗಿನ ದೇಶದ ಕಥೆಯೂ ಬೇರೆಯಲ್ಲ. 2011ರಲ್ಲಿ ಬಂದ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಕಾದಂಬರಿಯನ್ನು ದೊಡ್ಡ ದೊಡ್ಡ ವಿಮರ್ಶಕರು ಇದೆಂಥ ಕೆಟ್ಟ ಬರವಣಿಗೆ ಎಂದು ಹರಿದು ಹಾಕಿದರು. ಆ ಸರಣಿಯ ಪುಸ್ತಕಗಳು 15 ಕೋಟಿಗಿಂತ ಹೆಚ್ಚು ಮಾರಾಟವಾದವು. ಕೊಂಡವರಲ್ಲಿ ಬಹಳ ಜನ ಮದುವೆಯಾಗಿ ಮಕ್ಕಳಿದ್ದ ಹೆಂಗಸರು. ಅದರಲ್ಲೂ ಶ್ರೀಮಂತ, ಸಿಟ್ಟಿನ ಗಂಡಸು. ಅದರಲ್ಲೂ ಕರಾರು ಪತ್ರ. ನಮ್ಮ ಪಕ್ಕದ ಚಾಪೆಯ 84ನೇ ಭಾಗಕ್ಕೂ ಅದಕ್ಕೂ ಹತ್ತಿರದ ಬಳಗ.

ಆ ರಾತ್ರಿ ಮಾತು ಅಲ್ಲಿಗೇ ನಿಂತಿತು. ಮರುದಿನ ಚಹಾದಂಗಡಿಯ ಮುಂದೆ ಆಕೆಯೇ ಹತ್ತಿರ ಬಂದಳು. "ಅಕ್ಕಾರ, ನಮ್ಮ ಮನಿಯವರ ಮುಂದ ಹೇಳಬ್ಯಾಡ್ರಿ" ಅಂದಳು. ಹೇಳುವುದಿಲ್ಲ ಎಂದೆವು. ಒಂದು ಕಪ್ಪು ಚಹಾವನ್ನು ಎರಡು ಮಾಡಿಸಿ ಕುಡಿದೆವು. ಆಗ ಬುದ್ಧಿ ಹೇಳುವುದನ್ನು ಬಿಟ್ಟು ಕೇಳಿದೆವು, ಅದರಲ್ಲಿ ಅಂಥದ್ದೇನು ಇದೆ?

"ಕಡೀಕ ಛಲೋ ಆಗತೈತಿ ಅಂತ ಮೊದಲ ಗೊತ್ತಿರತೈತ್ರಿ" ಅಂದಳು. "ನಮ್ಮ ಬಾಳೇದಾಗ ಯಾವದರ ಕಡೀ ಗೊತ್ತೈತಿ? ಮಳಿ ಬರತೈತೋ ಇಲ್ಲೋ, ದ್ರಾಕ್ಷಿಗೆ ರೇಟ್ ಸಿಗತೈತೋ ಇಲ್ಲೋ. ಇಲ್ಲಿ ಅವ ಎಷ್ಟರ ಸಿಟ್ ಮಾಡ್ಲಿ, ಕಡೀಕ ಆಕಿ ಕೈ ಹಿಡದ ಹಿಡೀತಾನ."

ಮತ್ತೆ ಸ್ವಲ್ಪ ತಡೆದು ಹೇಳಿದಳು: "ಅವ ಆಕೀನ್ನ ಕೇಳ್ತಾನ್ರಿ. ದಣದೀ ಏನು ಅಂತ ಕೇಳ್ತಾನ. ನಿನಗ ಏನು ಬೇಕು ಅಂತ ಕೇಳ್ತಾನ. ನಮಗ ಮದಿವ್ಯಾಗಿ ಹನ್ನೆರಡು ವರ್ಷ ಆತು. ಯಾರೂ ಕೇಳಿಲ್ಲ."

ಹೊಲಸು ಅನ್ನಿಸಿಕೊಂಡ ಪುಟದಲ್ಲಿ ಆಕೆ ಓದುತ್ತಿದ್ದುದು ಆ ಪ್ರಶ್ನೆಯನ್ನು. ನಾವು ಎಣಿಸಿದ್ದು ಕಾಗುಣಿತದ ತಪ್ಪನ್ನು.

ಜಾನಿಸ್ ರಾಡ್ವೆ ಎಂಬ ಅಮೆರಿಕದ ವಿದ್ವಾಂಸರು ಒಂದು ಊರಿನ ಪ್ರೇಮ ಕಾದಂಬರಿ ಓದುವ ಹೆಂಗಸರನ್ನು ಕೂರಿಸಿ ಕೇಳಿ, 1984ರಲ್ಲಿ 'ರೀಡಿಂಗ್ ದ ರೊಮಾನ್ಸ್' ಎಂಬ ಪುಸ್ತಕ ಬರೆದರು. ಕಥೆ ಎಷ್ಟು ಮುಖ್ಯವೋ ಓದುವುದಕ್ಕೆ ಕೂರುವ ಹೊತ್ತೂ ಆ ಹೆಂಗಸರಿಗೆ ಅಷ್ಟೇ ಮುಖ್ಯವಾಗಿತ್ತು. ದಿನವಿಡೀ ಗಂಡ, ಮಕ್ಕಳು, ಮನೆ ಎಂದು ನೋಡಿಕೊಳ್ಳುವವರಿಗೆ ಪುಸ್ತಕ ಹಿಡಿದಾಗ ಮಾತ್ರ, ಈಗ ಯಾರೂ ನನ್ನನ್ನು ಕರೆಯಬೇಡಿ ಎಂದು ಹೇಳಲು ಬರುತ್ತಿತ್ತು. ಆ ಚಾಪೆಯ ಮೇಲಿನ ಸೆರಗೂ ಅದೇ ಕೆಲಸ ಮಾಡುತ್ತಿತ್ತು. ಹಿಂದೆ ಪುಸ್ತಕವನ್ನು ಹಾಸಿಗೆ ಕೆಳಗೆ ಬಚ್ಚಿಡಬೇಕಿತ್ತು. ಈಗ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಸಾವಿರಾರು ಕನ್ನಡ ಕಥೆಗಳಿವೆ. ಬರೆಯುವವರಲ್ಲೂ ಆಕೆಯಂಥ ಗೃಹಿಣಿಯರು ಬಹಳ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ನಾವು ಬರೆಯುತ್ತಿರಲಿಲ್ಲ. ಆಕೆ ಚಹಾದ ಕಪ್ಪು ಕೆಳಗಿಟ್ಟು ಇನ್ನೊಂದು ಮಾತು ಹೇಳಿದಳು.

"ಪೇಪರ್‌ನ್ಯಾಗ ಒಂದು ಸುದ್ದಿ ಬಂದಿತ್ರಿ. ಯಾರೋ ಬಾಯಿಗೆ ಬಿದ್ದು ಸತ್ತಾಕಿ ಮೊಬೈಲ್‌ನ್ಯಾಗ ಹೊಲಸು ಕಥಿ ಓದತಿದ್ಲು ಅಂತ. ಅದು ಬಂದಾಗಿಂದ ನಮ್ಮ ಮನಿಯವರು ದಿನಾ ರಾತ್ರಿ ನನ್ನ ಫೋನ್ ಚೆಕ್ ಮಾಡ್ತಾರ."

ಚಹಾ ಗಂಟಲಲ್ಲಿ ಇಳಿಯಲಿಲ್ಲ. ಅಂಥ ಒಂದು ಸುದ್ದಿ ನಾವೂ ಕಳಿಸಿದ್ದೆವು. ಎರಡು ವರ್ಷದ ಹಿಂದೆ, ಒಂದು ಹಳ್ಳಿಯ ಬಾವಿಯ ದಂಡೆಯಲ್ಲಿ ನಿಂತು. ಸತ್ತಾಕೆಗೆ ಇಪ್ಪತ್ತಾರು ವಯಸ್ಸು. ಮನೆಯವರು ಒಂದು ಮಾತು ಹೇಳಿದರು, ಬರೆದುಕೊಂಡೆವು. ತವರಿನವರು ಇನ್ನೂ ಬಂದಿರಲಿಲ್ಲ, ಕಾಯಲಿಲ್ಲ. ಐದು ಗಂಟೆಯೊಳಗೆ ಸುದ್ದಿ ಹೋಗಬೇಕಿತ್ತು. ಮರುದಿನ ತಲೆಬರಹದಲ್ಲಿ 'ಅನೈತಿಕ ಸಂಬಂಧ' ಎಂಬ ಎರಡು ಪದ ಸೇರಿದ್ದವು. ಅದನ್ನು ನಾವು ಬರೆದಿರಲಿಲ್ಲ. ಆದರೆ ಸೇರಿಸುವುದಕ್ಕೆ ದಾರಿ ಮಾಡಿಕೊಟ್ಟ ಸಾಲು ನಮ್ಮದೇ. ಆಕೆ ಓದಿದ್ದು ನಮ್ಮ ಸುದ್ದಿಯೋ ಬೇರೆಯವರದೋ, ಕೇಳಲು ಧೈರ್ಯ ಬರಲಿಲ್ಲ.

ಆ ರಾತ್ರಿ ಚಾಪೆಯ ಮೇಲೆ ಮಲಗಿ ಹತ್ತು ವರ್ಷದಲ್ಲಿ ನಾವು ಕಳಿಸಿದ ಸುದ್ದಿಗಳನ್ನು ನೆನೆಸಿಕೊಂಡೆವು. ಅವುಗಳಲ್ಲಿ ಹೆಣ್ಣು ಯಾವಾಗ ಬರುತ್ತಾಳೆ? ಬಾವಿಗೆ ಬಿದ್ದಾಗ, ವರದಕ್ಷಿಣೆಗೆ ಸುಟ್ಟಾಗ, ಓಡಿ ಹೋದಾಗ, ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಬಂದಾಗ. ಬದುಕಿರುವ, ಮದುವೆಯಾದ, ಏನೋ ಬೇಕು ಅನ್ನಿಸುವ ಹೆಣ್ಣು ನಮ್ಮ ಒಂದು ಸುದ್ದಿಯಲ್ಲೂ ಇಲ್ಲ. ಆಸೆ ಎಂಬುದು ನಮ್ಮ ಪೇಪರಿಗೆ ಬರುವುದು ಅಪರಾಧ ಪುಟದಿಂದ ಮಾತ್ರ. ಅದನ್ನೂ ಜನ ಚಪ್ಪರಿಸಿ ಓದುತ್ತಾರೆ, ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಅದಕ್ಕೆ ಯಾರೂ ಸೆರಗು ಮುಚ್ಚಿಕೊಳ್ಳುವುದಿಲ್ಲ.

ನಮ್ಮ ಕಡೆ ಊರ ಮುಂದೆ ಹಿರಿಯರೊಂದಿಗೆ ಕುಳಿತು 'ಸಂಗ್ಯಾ ಬಾಳ್ಯಾ' ಸಣ್ಣಾಟ ನೋಡಿದವರು ಬಹಳ ಜನ. ಅದೂ ಪರರ ಹೆಂಡತಿಯ ಮೇಲಿನ ಮೋಹದ ಕಥೆಯೇ. ಬೆಳತನಕ ನೋಡಿ ಸೀಟಿ ಹೊಡೆಯುತ್ತಿದ್ದರು. ಆದರೆ ಅದು ಮುಗಿಯುವುದು ಕೊಲೆಯಲ್ಲಿ. ಆಸೆಪಟ್ಟವರಿಗೆ ಶಿಕ್ಷೆ ಆಯಿತು ಎಂದ ಮೇಲೆ ನೋಡಿದವರಿಗೂ ಮನೆಗೆ ಹೋಗಲು ಅಡ್ಡಿಯಿಲ್ಲ. ಫೋನಿನ ಕಥೆಯಲ್ಲಿ ಹೆಣ್ಣು ಆಸೆಪಡುತ್ತಾಳೆ, ಕೊನೆಗೂ ಸಾಯುವುದಿಲ್ಲ. ನಮಗೆ ಸಿಟ್ಟು ತರಿಸುವುದು ಅದರ ಕೆಟ್ಟ ಕನ್ನಡವೋ, ಆ ಸಾಯದ ಹೆಣ್ಣೋ ಎಂದು ನಮ್ಮನ್ನೇ ಕೇಳಿಕೊಂಡೆವು.

ಈ ಕಥೆಗಳಿಗೆ ಮಂಗಳಾರತಿ ಎತ್ತುವುದು ನಮ್ಮ ಉದ್ದೇಶವಲ್ಲ. ಆಮೇಲೆ ಹತ್ತಾರು ಓದಿ ನೋಡಿದೆವು. ಕೆಲವು ಕಥೆಗಳಲ್ಲಿ ನಾಯಕ ಹೊಡೆಯುತ್ತಾನೆ, ಅದನ್ನು ಪ್ರೀತಿ ಅನ್ನುತ್ತಾರೆ. ಆಕೆ ಬೇಡ ಎಂದರೂ ಬಿಡುವುದಿಲ್ಲ, ಅದನ್ನು ಹಕ್ಕು ಅನ್ನುತ್ತಾರೆ. ಆಕೆಗೆ ಇದನ್ನೂ ಹೇಳಿದ್ದೆವು. "ಅಂಥಾದ್ದು ಬಂದ್ರ ಬೆರಳ ಜಾರಿಸಿ ಮುಂದ ಹೋಗ್ತೀನ್ರಿ" ಅಂದಳು. "ಕಥಿ ಬ್ಯಾರೆ, ಬಾಳೇ ಬ್ಯಾರೆ ಅಂತ ನಮಗ ತಿಳ್ಯಂಗಿಲ್ಲೇನ್ರಿ?" ಆಕೆಗೆ ತಿಳಿಯುತ್ತದೆ. ಹನ್ನೆರಡು ವರ್ಷ ಸಂಸಾರ ಮಾಡಿದವಳು. ಹದಿನಾರರ ಹುಡುಗಿಗೆ ತಿಳಿಯುತ್ತದೆಯೇ ಎಂಬ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರ ಇರಲಿಲ್ಲ.

ಫೋನು ಕಸಿದುಕೊಂಡರೆ ಆ ಹುಡುಗಿಗೆ ತಿಳಿವಳಿಕೆ ಬರುವುದಿಲ್ಲ ಎಂಬುದಷ್ಟು ಗೊತ್ತು. ಹಿಂದೆ 'ಪ್ರಜಾಮತ' ವಾರಪತ್ರಿಕೆಯಲ್ಲಿ 'ಗುಪ್ತ ಸಮಾಲೋಚನೆ' ಎಂಬ ಅಂಕಣ ಬರುತ್ತಿತ್ತು. ಮನೆಯಲ್ಲಿ ಕೇಳಲಾಗದ್ದನ್ನು ಜನ ಅಲ್ಲಿ ಓದಿ ತಿಳಿದುಕೊಳ್ಳುತ್ತಿದ್ದರು. ವೈದ್ಯೆಯಾಗಿದ್ದ ಲೇಖಕಿ ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ' ಬರೆದರು. ನಾಚದೆ, ಹೆದರಿಸದೆ, ಗೌರವದಿಂದ ತಿಳಿಸುವ ಅಂಥ ಪುಸ್ತಕ ನಮ್ಮ ಹಳ್ಳಿಯ ಗ್ರಂಥಾಲಯಗಳ ಕಪಾಟಿನಲ್ಲಿ ಇರಬೇಕು. ಅದಿಲ್ಲದ ಕಡೆ ಆ ಖಾಲಿ ಜಾಗವನ್ನು ಕರಾರಿನ ಮದುವೆಯ 84ನೇ ಭಾಗ ತುಂಬುತ್ತದೆ.

ನಾವು ಒಂದು ಕೆಲಸ ಮಾಡಿದ್ದೇವೆ. ಸತ್ತ ಹೆಂಗಸಿನ ಬಗ್ಗೆ ಆಕೆಯ ಗಂಡನ ಮನೆಯವರು ಹೇಳಿದ್ದನ್ನು ಕಾರಣ ಎಂದು ಬರೆಯುವುದನ್ನು ಬಿಟ್ಟಿದ್ದೇವೆ. ತವರಿನವರು ಬರುವವರೆಗೆ ಕಾಯುತ್ತೇವೆ. ಇದರಿಂದ ಎರಡು ಸಲ ಸುದ್ದಿ ತಪ್ಪಿ, ಡೆಸ್ಕಿನವರಿಂದ ಬೈಸಿಕೊಂಡದ್ದೂ ಆಯಿತು. ಆ ಬಾವಿಯ ಸುದ್ದಿಗೆ ಮಾತ್ರ ಈಗ ಏನೂ ಮಾಡಲಾಗದು.

ಐದನೆಯ ದಿನ ಆಕೆಯ ಮಾವನಿಗೆ ಡಿಸ್ಚಾರ್ಜ್ ಆಯಿತು. ಹೋಗುವಾಗ ಕಥೆಯ ಹೆಸರನ್ನು ನಮ್ಮ ನೋಟ್‌ಬುಕ್ಕಿನಲ್ಲಿ ಬರೆದು ಕೊಟ್ಟಳು, "ಮೊದಲನೇ ಭಾಗದಿಂದ ಓದ್ರಿ ಅಕ್ಕಾರ, ನಡುವ ಹಣಕಿದ್ರ ಹೊಲಸ ಕಾಣತೈತಿ" ಅಂದಳು.

ಆ ರಾತ್ರಿ ಹತ್ತಕ್ಕೆ ದೀಪ ಆರಿದ ಮೇಲೆ ಅತ್ತೆಯವರ ಮಂಚದ ಪಕ್ಕ ಕುಳಿತು ಒಂದನೇ ಭಾಗ ತೆಗೆದೆವು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಗು ತಡೆಯಲಾಗಲಿಲ್ಲ. ಅತ್ತೆಯವರು ಕಣ್ಣು ಬಿಟ್ಟರು.

"ಏನ್ ಓದಾಕತ್ತೀ?"

"ಸುದ್ದಿ ರೀ ಅತ್ತಿ."

"ನಿಮ್ಮ ಸುದ್ದ್ಯಾಗ ನಗೂವಂಥಾದ್ದು ಯಾವಾಗ ಇರತೈತಿ?" ಅಂದರು. ಮುರಿದ ಕಾಲನ್ನು ಕೈಯಿಂದ ಸರಿಮಾಡಿಕೊಂಡು ನಮ್ಮ ಕಡೆ ತಿರುಗಿದರು. "ಸ್ವಲ್ಪ ಜೋರಾಗಿ ಓದು. ನಾನೂ ಕೇಳ್ತೀನಿ."