ಹದಿನೇಳು ಚೌಕ, ಒಂದು ಹುಣಸೆಮರ

ಅಕ್ಕನ ಮಗಳು ಪುಟ್ಟಿ ಮೂರನೇ ಕ್ಲಾಸು. ಫೆಬ್ರವರಿಯಲ್ಲಿ ಅವಳಿಗೊಂದು ಪ್ರಾಜೆಕ್ಟ್ ಬಂತು: ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಚಾರ್ಟ್. ಇಂಥ ಪ್ರಾಜೆಕ್ಟ್ ನಿಜವಾಗಿ ಯಾರಿಗೆ ಬರುತ್ತೆ ಅಂತ ನಿಮಗೆ ಗೊತ್ತು. ಕಲರ್ ಪ್ರಿಂಟ್ ತೆಗೆದು, ಕತ್ತರಿಸಿ, ಅಂಟಿಸಿದ್ದು ಮಾಮನಾದ ನಾನು. ಅವಳು ಮಗ್ಗಿ ಥರ ಬಾಯಿಪಾಠ ಮಾಡಿದ್ಲು.

"15 ಅಂದ್ರೆ?"

"ಭೂಮಿಯ ಮೇಲಿನ ಜೀವ."

"ಹಾಗಂದ್ರೆ?"

"ಹಸಿರು ಬಣ್ಣದ್ದು, ಮಾಮ."

ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆ. ನಮ್ಮ ಆಫೀಸಿನ ಗೋಡೆ ಮೇಲೂ ಇದೇ ಚೌಕಗಳಿವೆ. ನನಗೂ ಬಣ್ಣ ಬಿಟ್ಟು ಹೆಚ್ಚೇನೂ ಗೊತ್ತಿರಲಿಲ್ಲ. 2015ರಲ್ಲಿ 193 ದೇಶಗಳು ಒಪ್ಪಿ, 2030ಕ್ಕೆ ಮುಗಿಸುತ್ತೇವೆ ಅಂದ ಕೆಲಸ. ಪುಟ್ಟಿ ಹೈಸ್ಕೂಲು ಸೇರುವ ಹೊತ್ತಿಗೆ ಗಡುವು.

ಆ ಭಾನುವಾರ ಅವಳನ್ನು ಕೊಕ್ಕರೆ ಬೆಳ್ಳೂರಿಗೆ ಕರಕೊಂಡು ಹೋದೆ. ಮದ್ದೂರು ತಾಲೂಕು, ಬೆಂಗಳೂರಿಂದ ಸುಮಾರು 80 ಕಿ.ಮೀ. ಚನ್ನಪಟ್ಟಣ ದಾಟಿದ ಮೇಲೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಎಕ್ಸ್‌ಪ್ರೆಸ್‌ವೇ ಮೇಲೇ ಹೋದರೆ ಆ ತಿರುವು ಸಿಗಲ್ಲ, ಹಳೇ ರಸ್ತೆಗೆ ಇಳಿಯಬೇಕು. ನಾನು ಇಳಿಯಲಿಲ್ಲ. ಮದ್ದೂರು ತನಕ ಹೋಗಿ ವಾಪಸ್ ಬಂದೆವು. ವಡೆ ಸಿಕ್ಕಿತು, ನಷ್ಟವೇನಿಲ್ಲ.

ಪಕ್ಷಿಧಾಮ ಅಂದುಕೊಂಡು ಹೋದರೆ ಅದು ಮಾಮೂಲಿ ಊರು. ಮನೆ, ಕೊಟ್ಟಿಗೆ, ತಿಪ್ಪೆ. ತಲೆ ಎತ್ತಿದರೆ ಮಾತ್ರ ಹುಣಸೆಮರದ ತುಂಬ ಗೂಡು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ. ಶಿಂಷಾ ನದಿ, ಸುತ್ತಲ ಕೆರೆಗಳಿಂದ ಮೀನು ತಂದು ಮರಿಗಳಿಗೆ ಉಣಿಸುತ್ತವೆ. ನೆಲವೆಲ್ಲ ಬಿಳೀ ಹಿಕ್ಕೆ, ಮೀನಿನ ವಾಸನೆ. ಪುಟ್ಟಿ ಮೂಗು ಮುಚ್ಚಿಕೊಂಡೇ ನೋಡಿದ್ಲು. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಗೂಡಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಸಾಕಿ ದೊಡ್ಡದು ಮಾಡುತ್ತಾ ಬಂದಿದ್ದಾರೆ.

ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಪುಟ್ಟಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಕಣವ್ವ ಇವು. ಬ್ಯಾಡ ಅನ್ನಕಾಯ್ತದಾ?"

ಇಷ್ಟನ್ನು ನಾನೂ ಎಲ್ಲೋ ಓದಿದ್ದೆ. ಪುಟ್ಟಿಯ ಕಣ್ಣು ಬೇರೆ ಕಡೆ ಇತ್ತು.

"ಹುಣಸೆಹಣ್ಣು ಯಾಕೆ ಕಿತ್ತಿಲ್ಲ ಅಜ್ಜಿ?"

"ಮರ ಹತ್ತುದ್ರೆ ಮರಿ ಬಿದ್ದೋಯ್ತವೆ. ಕಿತ್ರೂ ಹಿಕ್ಕೆ ಮೆತ್ಕಂಡಿರ್ತದೆ, ಯಾರ್ ಕೊಂಡ್ಕತಾರೆ?"

"ಮತ್ತೆ ದುಡ್ಡು?"

ಅಜ್ಜಿ ನಕ್ಕರು. "ಫಾರೆಸ್ಟ್‌ನೋರು ಮರಕ್ಕಿಷ್ಟು ಅಂತ ಕೊಡ್ತಾರೆ. ಹಣ್ಣಿನ ದುಡ್ಡಿಗೆ ಸಮ ಬರಕಿಲ್ಲ ಬುಡು." ಹಾಗಂತ ಹೇಳಿ, ಮಜ್ಜಿಗೆ ತರಲು ಒಳಗೆ ಹೋದರು.

ವಾಪಸ್ ಬರುವಾಗ ರಾಮನಗರದ ತನಕ ಪುಟ್ಟಿ ಮಾತೇ ಆಡಲಿಲ್ಲ. ನಿದ್ದೆ ಬಂದಿದೆ ಅಂದುಕೊಂಡೆ.

"ಮಾಮ, ಅಜ್ಜಿ 15 ಮಾಡಿದ್ರೆ ಅವ್ರಿಗೆ 1 ಆಗಲ್ಲ, ಅಲ್ವಾ?"

1 ಅಂದರೆ ಬಡತನ ಇಲ್ಲದಿರುವುದು. ಚಾರ್ಟಿನಲ್ಲಿ ಎರಡೂ ದೂರ ದೂರದ ಚೌಕ. ಒಂದನ್ನು ಹಿಡಿದರೆ ಇನ್ನೊಂದು ಜಾರಬಹುದು ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಆಫೀಸಲ್ಲಿ ಎರಡು ರಿಕ್ವೈರ್‌ಮೆಂಟ್ ಹೀಗೆ ಡಿಕ್ಕಿ ಹೊಡೆದರೆ ನಾವು ಮೀಟಿಂಗ್ ಕರೆದು ಮುಂದಿನ ತಿಂಗಳಿಗೆ ತಳ್ಳುತ್ತೇವೆ. ಎಂಟು ವರ್ಷದ ಮಗುವಿಗೆ ಹಾಗೆ ಹೇಳೋಕಾಗುತ್ತಾ? "ಅಜ್ಜಿಗೆ ಇನ್ನೂ ಸ್ವಲ್ಪ ಜಾಸ್ತಿ ದುಡ್ಡು ಕೊಡಬೇಕಿತ್ತು, ಪುಟ್ಟಿ" ಅಂದೆ. "ಯಾರು?" ಅಂದ್ಲು. ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾತ್ರಿ ನೋಡಿದರೆ, ನಾನು ನೀಟಾಗಿ ಅಂಟಿಸಿದ್ದ ಚಾರ್ಟ್ ಮೇಲೆ ಸ್ಕೆಚ್ ಪೆನ್ನಲ್ಲಿ ಮರ ಬರೆದುಬಿಟ್ಟಿದ್ದಾಳೆ. ಬುಡ ಕೆಳಗಿನ ಸಾಲಿನ 15ರಲ್ಲಿ, ಕೊಂಬೆ ಮೇಲಿನ ಮೂಲೆಯ 1ರ ತನಕ, ತುದಿಯಲ್ಲೊಂದು ಕೊಕ್ಕರೆ. ನಡುವೆ 8ನೇ ಚೌಕ ಪೂರ್ತಿ ಮುಚ್ಚಿಹೋಗಿದೆ. ಅದು ಆರ್ಥಿಕ ಬೆಳವಣಿಗೆ ಅಂತ ನಾನು ಹೇಳಲು ಹೋಗಲಿಲ್ಲ.

"ಮಿಸ್ ಬೈದ್ರೆ?" ಅಂದೆ.

"ಮಾಮ ಮಾಡಿದ್ದು ಅಂತೀನಿ."