ಶನಿವಾರ ಮಧ್ಯಾಹ್ನದ ತರಗತಿ

ಉಡುಪಿ ಅಂದ ಕೂಡಲೆ ನಿಮಗೆ ಏನು ನೆನಪಾಗುತ್ತದೆ, ಹೇಳಿ? ಕೃಷ್ಣಮಠ, ಕನಕನ ಕಿಂಡಿ, ರಥಬೀದಿ, ಮಲ್ಪೆಯ ಕಡಲು. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮಣಿಪಾಲ. ನನಗೂ ಇಷ್ಟೇ ಆಗಿತ್ತು. ತೀರ್ಥಹಳ್ಳಿ ಕಡೆಯವಳಾದ ನಾನು ಇಪ್ಪತ್ತು ಸಲವಾದರೂ ಆಗುಂಬೆ ಘಾಟಿ ಇಳಿದು ಬಂದಿದ್ದೇನೆ. ದರ್ಶನ, ಊಟ, ಒಂದು ಕಟ್ಟು ಹಪ್ಪಳ, ಸಂಜೆ ಬಸ್ಸು. ಅಲ್ಲಿಗೆ ಮುಗಿಯಿತು. ಈ ಸಲ ಮಾತ್ರ ಆಟಿ ತಿಂಗಳ ಮಳೆಯಲ್ಲಿ ಕೊಡೆ ಹಿಡಿದುಕೊಂಡು ನಾನು ಹೋದದ್ದು ಒಂದು ತರಗತಿಗೆ. ನಗಬೇಡಿ. ನನ್ನ ಯಜಮಾನರು ನಕ್ಕದ್ದೇ ಸಾಕು.

ನಮ್ಮೂರ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದ ಒಬ್ಬರು ಟೀಚರ್ ಇದ್ದರು. ನನ್ನ ಇಬ್ಬರು ಮಕ್ಕಳ ಕೈಹಿಡಿದು ಅ ಆ ಇ ಈ ತಿದ್ದಿಸಿದವರು. ನಿವೃತ್ತಿಯಾದ ಮೇಲೆ ಉಡುಪಿ ಮತ್ತು ಕಾಪು ನಡುವಿನ ತಮ್ಮ ಹುಟ್ಟೂರಿಗೆ ಹೋದರು. ಆಗಾಗ ಫೋನು ಮಾಡುವುದುಂಟು. "ಒಂದು ಶನಿವಾರ ಬನ್ನಿ, ನಮ್ಮ ಕ್ಲಾಸು ನೋಡಿ ಹೋಗಿ" ಎಂದರು. "ಈ ವಯಸ್ಸಿನಲ್ಲಿ ಎಂಥ ಕ್ಲಾಸು ಟೀಚರ್?" ಅಂದೆ. "ಬನ್ನಿ, ಆಮೇಲೆ ಹೇಳಿ" ಅಂದರು. ಅಷ್ಟೇ.

ಉಡುಪಿಯಲ್ಲಿ ಬಸ್ಸಿಳಿದಾಗ ಟೀಚರ್ ಕಾಯುತ್ತಾ ನಿಂತಿದ್ದರು. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ ಎಂದು ಮೊದಲು ಮಿಶನ್ ಕಂಪೌಂಡಿಗೆ ಕರೆದುಕೊಂಡು ಹೋದರು. ನೀವು ಉಡುಪಿಗೆ ಬಂದಾಗ ಆ ಕಡೆ ಒಮ್ಮೆ ಹೋಗಿ ಬನ್ನಿ. ಊರವರೆಲ್ಲ 'ಮಿಶನ್ ಆಸ್ಪತ್ರೆ' ಎಂದೇ ಕರೆಯುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಇರುವುದು ಅಲ್ಲಿಯೇ. ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್ ಎಂಬ ಹೆಂಗಸು 1923ರಲ್ಲಿ ಶುರುಮಾಡಿದ್ದು. ಮಣಿಪಾಲದ ದೊಡ್ಡ ಆಸ್ಪತ್ರೆಯ ಹೆಸರೇ ಇಲ್ಲದ ಆ ಕಾಲದಲ್ಲಿ ಹೆರಿಗೆಗೆ ಹೆಣ್ಣುಡಾಕ್ಟರು ಸಿಕ್ಕುವುದೆಂದರೆ ಎಷ್ಟು ದೊಡ್ಡ ಮಾತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇದೆಲ್ಲ ಬಾಸೆಲ್ ಮಿಶನ್ನಿನವರ ಕೆಲಸ. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರು. 1854ರ ಹೊತ್ತಿಗೆ ಉಡುಪಿಯಲ್ಲಿ ನೆಲೆ ಮಾಡಿದರು. ಹಂಚಿನ ಕಾರ್ಖಾನೆ, ನೆಯ್ಗೆ, ಅಚ್ಚುಕೂಟ, ಕಿಟ್ಟೆಲ್‌ರ ನಿಘಂಟು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ನನಗೆ ಗೊತ್ತಿಲ್ಲದ್ದು ಇನ್ನೊಂದು. ಸಭೆಗೆ ಸೇರಿದವರು ಗಂಡಾಗಲಿ ಹೆಣ್ಣಾಗಲಿ ತಾವೇ ಓದಬೇಕು ಎಂಬುದು ಅವರ ಹಟ. ಬಂದವರಲ್ಲಿ ಹೆಚ್ಚಿನವರ ಮನೆಮಾತು ತುಳು. ಹಾಗಾಗಿ 1847ರಷ್ಟು ಹಿಂದೆಯೇ ಸತ್ಯವೇದದ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ, ಕನ್ನಡ ಅಕ್ಷರದಲ್ಲಿ ಅಚ್ಚುಹಾಕಿದರು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರಿಗೆ ಪುಸ್ತಕ! ನಮ್ಮ ಅಜ್ಜಿಯಂದಿರ ಕಾಲದಲ್ಲೂ ಹೆಣ್ಣು ಓದಿದರೆ ಗಂಡನ ಆಯುಷ್ಯ ಕಡಿಮೆ ಅನ್ನುತ್ತಿದ್ದರಲ್ಲವೇ?

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮುಂತಾದ ಬೇರೆ ಬೇರೆ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆ ಆಯಿತು. ಸಿ.ಎಸ್.ಐ. ಎಂದು ಬೋರ್ಡು ನೋಡಿರುತ್ತೀರಿ. ಬಿಷಪ್ಪರ ಆಡಳಿತ ಆಂಗ್ಲಿಕನ್ನರಿಂದ ಬಂದದ್ದು, ಹೆಂಗಸರಿಗೂ ಪುಸ್ತಕ ಎಂಬ ಹಟ ಈ ಕಡೆ ಬಾಸೆಲಿನವರಿಂದ ಬಂದದ್ದು ಎಂದು ಟೀಚರ್ ನಗುತ್ತಾ ಹೇಳಿದರು. ಹೆಂಗಸರನ್ನು ಸಭಾಪಾಲಕರಾಗಿ ಒಪ್ಪಿದ ಸಭೆ ಇದು. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತ ಎಂಬವರು ಬಿಷಪ್ಪರೇ ಆದರು.

ಈಗ ತರಗತಿಯ ವಿಷಯಕ್ಕೆ ಬರುತ್ತೇನೆ. ಊರಿನ ಹೆಸರು ಬೇಡ ಎಂದು ಅವರು ಕೇಳಿಕೊಂಡಿದ್ದಾರೆ, ಯಾಕೆಂದು ನಿಮಗೇ ಗೊತ್ತಾಗುತ್ತದೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಎರಡು ಗದ್ದೆ ದಾಟಿದರೆ ಹಂಚಿನ ಮಾಡಿನ ಚಿಕ್ಕ ದೇವಾಲಯ. ಹಿಂದುಗಡೆ ಒಂದು ಹಾಲು, ಒಂದು ಬಾವಿ, ಮೂರು ತೆಂಗಿನ ಮರ. ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಂದವರು ಹದಿಮೂರು ಜನ. ಒಬ್ಬಳು ಕಾಲೇಜು ಹುಡುಗಿಯನ್ನು ಬಿಟ್ಟರೆ ಎಲ್ಲರೂ ಐವತ್ತು ದಾಟಿದವರೇ. ಕೈಯಲ್ಲಿ ಸತ್ಯವೇದ, ನೋಟ್‌ಬುಕ್ಕು, ಕನ್ನಡಕದ ಡಬ್ಬಿ.

ನಾನು ಪ್ರವಚನ ಇರಬಹುದು ಅಂದುಕೊಂಡಿದ್ದೆ. ಅದಲ್ಲ. ಒಂದು ಗೀತೆ ಹಾಡಿ, ಪ್ರಾರ್ಥನೆ ಮಾಡಿ, ಆ ವಾರದ ಅಧ್ಯಾಯವನ್ನು ಸರದಿಯಂತೆ ಒಬ್ಬೊಬ್ಬರು ಒಂದೊಂದು ವಚನ ಓದುತ್ತಾರೆ. ಆಮೇಲೆ ಮೂರು ಪ್ರಶ್ನೆ. ಇದರಲ್ಲಿ ಏನು ನಡೆಯಿತು? ನಿಮಗೆ ಎಲ್ಲಿ ಎಡವಿತು? ಇದು ನಮ್ಮ ಮನೆಯಲ್ಲಿ ನಡೆದರೆ ಏನು ಮಾಡುತ್ತೀರಿ? ಸಭಾಪಾಲಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು, ಬಾಯಿ ಬಿಡಲಿಲ್ಲ. ಚಹಾದ ಹೊತ್ತಿಗೆ ಕೇಳಿದರೆ, "ನಾನು ಉತ್ತರ ಹೇಳಿದರೆ ಕ್ಲಾಸು ಅಲ್ಲಿಗೇ ಮುಗೀತಮ್ಮ" ಅಂದರು.

ಟೀಚರ್ ಹೇಳುವ ಪ್ರಕಾರ ಅವರಲ್ಲಿಯೂ ಒಂದು ದೊಡ್ಡ ಕೊರತೆ ಇದೆ. ಮಕ್ಕಳಿಗೆ ಭಾನುವಾರ ಶಾಲೆ. ಹದಿನಾಲ್ಕು ಹದಿನೈದು ವರ್ಷಕ್ಕೆ ದೃಢೀಕರಣ, ಅದಕ್ಕೆ ಪ್ರಶ್ನೋತ್ತರ ಉರುಹೊಡೆದು ಬಿಷಪ್ಪರ ಮುಂದೆ ಮೊಣಕಾಲೂರಿದರೆ ಓದು ಮುಗಿದಂತೆಯೇ. ಆಮೇಲೆ ಮದುವೆ, ಬಸಿರು, ಬಾಣಂತನ, ಸಾಲ, ಸಾವು. ಇವೆಲ್ಲ ಬರುವುದು ಹದಿನೈದು ದಾಟಿದ ಮೇಲೆ! ಹದಿನೈದನೆಯ ವಯಸ್ಸಿನಲ್ಲಿ ಬಾಯಿಪಾಠ ಮಾಡಿದ ಉತ್ತರ ಐವತ್ತರಲ್ಲಿ ಬರುವ ಪ್ರಶ್ನೆಗೆ ಸಾಲುತ್ತದೆಯೇ? ಬೇಸಗೆಯಲ್ಲಿ ಹೊಲಿಸಿದ ಫ್ರಾಕನ್ನು ಮೊಮ್ಮಕ್ಕಳಾದ ಮೇಲೂ ಹಾಕಿಕೊಳ್ಳಿ ಅಂದ ಹಾಗೆ, ಎಂದರು. ದೊಡ್ಡವರ ಕಲಿಕೆಗೆಂದೇ 1971ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆ ಹುಟ್ಟಿತು, ಟ್ಯಾಫ್ಟೀ ಎಂದು. ಮನೆಯಲ್ಲೇ ಪುಸ್ತಕ ಇಟ್ಟುಕೊಂಡು ಓದಿ, ಉತ್ತರ ಬರೆದು, ವಾರಕ್ಕೊಮ್ಮೆ ಕೂತು ಚರ್ಚಿಸುವ ಕ್ರಮ ಅವರದು. ಟೀಚರ್ ಆ ಕ್ರಮವನ್ನೇ ಸ್ವಲ್ಪ ಸಡಿಲ ಮಾಡಿಕೊಂಡಿದ್ದಾರೆ. ಬರೆಯುವುದು ಕಡಿಮೆ, ಮಾತು ಜಾಸ್ತಿ. (ಇಬ್ಬರ ಮಾತು ತೀರಾ ಜಾಸ್ತಿ. ಅಂಥವರು ನಮ್ಮ ಮಹಿಳಾ ಮಂಡಳಿಯಲ್ಲೂ ಇದ್ದಾರೆ ಬಿಡಿ.)

ಆ ದಿನದ ಪಾಠ ರೂತಳ ಕಥೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬರಗಾಲದಲ್ಲಿ ಬೇತ್ಲೆಹೇಮಿನಿಂದ ಮೋವಾಬ್ ದೇಶಕ್ಕೆ ಹೋದ ನೊವೊಮಿ ಎಂಬವಳು ಅಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಳ್ಳುತ್ತಾಳೆ. ಉಳಿದವರು ಇಬ್ಬರು ಸೊಸೆಯರು. ತನ್ನ ಊರಿಗೆ ಹೊರಟ ಅತ್ತೆಯ ಹಿಂದೆ ರೂತಳು ಹೋಗುತ್ತಾಳೆ. ಇನ್ನೊಬ್ಬಳು, ಒರ್ಫಾ, ಅತ್ತೆಗೆ ಮುದ್ದಿಟ್ಟು ತವರಿಗೆ ಹಿಂದಿರುಗುತ್ತಾಳೆ. ಬೇತ್ಲೆಹೇಮಿನಲ್ಲಿ ರೂತಳು ಹೊಟ್ಟೆಪಾಡಿಗೆ ಹಕ್ಕಲಾಯುತ್ತಾಳೆ. ಕಾಲೇಜು ಹುಡುಗಿ "ಹಕ್ಕಲು ಅಂದ್ರೆ?" ಅಂತ ಕೇಳಿದಳು, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಕಲಿತವಳು. ಆಗ ಮೂಲೆಯಲ್ಲಿದ್ದ ಒಬ್ಬರು ಮುದುಕಿ, ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ, "ಕೊಯ್ಲು ಆದ ಗದ್ದೆಯಲ್ಲಿ ಬಿದ್ದ ತೆನೆ ಹೆಕ್ಕುವುದು ಮಗಾ. ನಾನೂ ಹೆಕ್ಕಿದ್ದೇನೆ. ಬಡವರಿಗೆ ಅಂತ ಸ್ವಲ್ಪ ಬಿಟ್ಟೇ ಕೊಯ್ಯುವ ಒಳ್ಳೆ ಧನಿಗಳೂ ಇದ್ದರು, ಹೆಕ್ಕಿದರೆ ಬೈಯುವವರೂ ಇದ್ದರು" ಅಂದರು.

ಈ ದೊಡ್ಡಮ್ಮನಿಗೆ ಎಪ್ಪತ್ತೆರಡು ವರ್ಷ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೂವತ್ತು ದಾಟಿದ ಮೇಲೆ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕಟ್ಟುತ್ತಾ, ಆಗಿನ ಸಭಾಪಾಲಕರ ಹೆಂಡತಿಯಿಂದ ಅಕ್ಷರ ಕಲಿತರಂತೆ. ಕತ್ತರಿಸಿ ಉಳಿದ ಎಲೆಯ ಚೂರಿನ ಮೇಲೆ ಕಡ್ಡಿಯಲ್ಲಿ ಗೀಚಿ ಗೀಚಿ. ಈಗ ವಚನ ಓದುವಾಗ ಬೆರಳು ಸಾಲಿನ ಕೆಳಗೆ ಓಡುತ್ತದೆ, ನಿಧಾನ, ಆದರೆ ಒಂದು ಒತ್ತಕ್ಷರ ತಪ್ಪುವುದಿಲ್ಲ.

ಎರಡು ವರ್ಷದ ಹಿಂದೆ ದೊಡ್ಡಮ್ಮನ ಒಬ್ಬನೇ ಮಗ ಗಲ್ಫಿನಲ್ಲಿ ಎದೆನೋವಿನಿಂದ ತೀರಿಕೊಂಡ. ಸೊಸೆ ಆರು ವರ್ಷದ ಹುಡುಗನನ್ನು ಕರೆದುಕೊಂಡು ಕಾರ್ಕಳದ ತವರಿಗೆ ಹೋದಳು. ಈಗ ಅವಳಿಗೆ ಒಂದು ಸಂಬಂಧ ಬಂದಿದೆ. ಅವರ ಮನೆಯವರು ಮರ್ಯಾದೆಯಿಂದಲೇ ದೊಡ್ಡಮ್ಮನನ್ನು ಕೇಳಿದರು. ದೊಡ್ಡಮ್ಮ ಉತ್ತರ ಕೊಟ್ಟಿಲ್ಲ. ಐದು ತಿಂಗಳಿಂದ ಫೋನೂ ಎತ್ತಿಲ್ಲ. ಇದು ಕೂತ ಎಲ್ಲರಿಗೂ ಗೊತ್ತಿತ್ತು. ಪಾಠದ ಪಟ್ಟಿಯಲ್ಲಿ ಸರಿಯಾಗಿ ಇದೇ ಬಂದದ್ದು ನೋಡಿ ಟೀಚರ್ ಬೇರೆ ತೆಗೆದುಕೊಳ್ಳೋಣ ಅಂದಿದ್ದರಂತೆ. ಬೇಡ ಅಂದದ್ದು ದೊಡ್ಡಮ್ಮನೇ.

ಎಲ್ಲರೂ ರೂತಳನ್ನು ಹೊಗಳಿದರು. ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಬೇಕು, ಈಗಿನವರಿಗೆ ಅತ್ತೆ ಬೇಡ, ಹೀಗೆ. ನಾವು ನೀವು ಆಡುವ ಮಾತೇ. ಅಷ್ಟರಲ್ಲಿ ಆ ಕಾಲೇಜು ಹುಡುಗಿ, "ಒರ್ಫಾಳದ್ದು ಏನು ತಪ್ಪು?" ಅಂದಳು. ಹಾಲು ತೆಪ್ಪಗಾಯಿತು. ಮಾಡಿನಿಂದ ನೀರು ಬೀಳುವುದಷ್ಟೇ ಕೇಳುತ್ತಿತ್ತು. ಒಬ್ಬರು "ಬಿಟ್ಟು ಹೋದಳಲ್ಲ" ಅಂದರು. ಇನ್ನೊಬ್ಬರು "ಅವಳಿಗೂ ಅಪ್ಪ ಅಮ್ಮ ಇಲ್ಲವೇ" ಅಂದರು. ನನಗಂತೂ ಎಲ್ಲಿ ನೋಡಬೇಕೋ ತಿಳಿಯದೆ ಸೆರಗಿನ ಅಂಚು ನೋಡುತ್ತಾ ಕೂತೆ.

ದೊಡ್ಡಮ್ಮ ಕನ್ನಡಕ ಒರೆಸಿ ಮೊದಲಿನ ಪುಟಕ್ಕೆ ಹೋದರು. ತಮ್ಮಷ್ಟಕ್ಕೆ ಗುಣುಗುಣು ಓದಿಕೊಂಡರು. ಬೆರಳು ಒಂದು ಕಡೆ ನಿಂತಿತು. "ನೊವೊಮಿಯೇ ಹೇಳಿದ್ದು ಇಲ್ಲಿ. ಇಬ್ಬರಿಗೂ. ನಿಮ್ಮ ನಿಮ್ಮ ತಾಯಿಮನೆಗೆ ಹೋಗಿ, ನಿಮಗೆ ಇನ್ನೊಂದು ಗಂಡನ ಮನೆ ಸಿಗಲಿ ಅಂತ ಅವಳೇ ಹರಸಿದ್ದಾಳೆ. ಒರ್ಫಾ ಅತ್ತೆ ಮಾತು ಕೇಳಿದಳು. ರೂತಳೇ ಕೇಳದ್ದು" ಅಂದರು. ನಲವತ್ತು ವರ್ಷದಿಂದ ಓದುತ್ತಿದ್ದೇನೆ, ಇದು ಕಣ್ಣಿಗೆ ಬಿದ್ದೇ ಇರಲಿಲ್ಲ ಎಂದೂ ಹೇಳಿದರು. ಟೀಚರ್ ಮೆಲ್ಲಗೆ, ಮುಂದೆ ರೂತಳಿಗೆ ಬೋವಜನೊಡನೆ ಮದುವೆ ಆಗಲಿಕ್ಕೆ ದಾರಿ ತೋರಿಸಿದವಳೂ ಅತ್ತೆಯೇ ಎಂದು ನೆನಪಿಸಿದರು. "ಆ ಮಗುವನ್ನು ನೊವೊಮಿಯ ಮಡಿಲಿಗೆ ಕೊಟ್ಟರಲ್ಲ. ನನ್ನ ಮಡಿಲಿಗೆ ಯಾರು ಕೊಡ್ತಾರೆ?" ಅಂದರು ದೊಡ್ಡಮ್ಮ. ಅದಕ್ಕೆ ಯಾರಲ್ಲೂ ಉತ್ತರ ಇರಲಿಲ್ಲ. ಯಾರೂ ಉತ್ತರ ಹುಡುಕುವ ನಾಟಕವನ್ನೂ ಮಾಡಲಿಲ್ಲ. ಪಕ್ಕದವರು ಕೈಹಿಡಿದುಕೊಂಡರು, ಅಷ್ಟೇ. ನಮ್ಮ ಕಡೆ ಭಜನೆ ಮಾಡುತ್ತೇವೆ, ಲಲಿತಾ ಸಹಸ್ರನಾಮ ಹೇಳುತ್ತೇವೆ, ಒಳ್ಳೆಯದೇ. ಆದರೆ ಸೀತೆಯದೋ ಊರ್ಮಿಳೆಯದೋ ಕಥೆ ಎದುರಿಟ್ಟುಕೊಂಡು "ಇಲ್ಲಿ ನನಗೆ ಎಡವಿತು" ಎಂದು ನಾಲ್ಕು ಜನರ ಮುಂದೆ ಹೇಳಿದ ನೆನಪು ನನಗಿಲ್ಲ. ನಿಮಗಿದೆಯೇ?

ಕೊನೆಗೆ ಚಹಾ, ಪತ್ರೊಡೆ. ಕೆಸುವಿನ ಎಲೆಗೆ ಅಕ್ಕಿ, ಹುಣಸೆ, ಮೆಣಸು, ಬೆಲ್ಲದ ಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸುವುದು ನಿಮಗೆ ಗೊತ್ತೇ ಇದೆ. ಇವರು ಬೇಯಿಸಿದ ಮೇಲೆ ತೆಳ್ಳಗೆ ಕತ್ತರಿಸಿ ತೆಂಗಿನೆಣ್ಣೆಯಲ್ಲಿ ಎರಡೂ ಮಗ್ಗುಲು ಕಾಯಿಸಿದ್ದರು. ಗಂಟಲು ತುರಿಸಬಾರದೆಂದರೆ ಹುಣಸೆ ಧಾರಾಳ ಇರಲಿ ಎಂದು ದೊಡ್ಡಮ್ಮನ ಸಲಹೆ. ಅಂದಿನದನ್ನು ಮಾಡಿ ತಂದವರು ಅವರೇ.

ಮರುದಿನ ಭಾನುವಾರ ಆರಾಧನೆ ಮುಗಿಸಿ ನಾನು ಊರಿಗೆ ಹೊರಡುವಾಗ ದೊಡ್ಡಮ್ಮ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಬಸ್ ಸ್ಟಾಪಿಗೆ ಬಂದರು. "ನೀವು ಕಾರ್ಕಳದ ಮೇಲೆ ಹೋಗ್ತೀರಾ?" ಎಂದು ಕೇಳಿದರು. ಸುತ್ತುದಾರಿಯಾದರೂ ಹೂಂ ಅಂದೆ. ಶಿರ್ವ, ಬೆಳ್ಮಣ್, ನಿಟ್ಟೆ. ಎರಡೂ ಕಡೆ ಹಸಿರು ಗದ್ದೆ, ಮಳೆ. ಅತ್ತೂರಿನ ಹತ್ತಿರ ಬಂದಾಗ ಸಂತ ಲಾರೆನ್ಸರ ಚರ್ಚಿನ ದಿಕ್ಕಿಗೆ ಕೈ ತೋರಿಸಿ, "ಅದು ಕಥೊಲಿಕರದ್ದು, ನಮ್ಮದಲ್ಲ. ಆದರೂ ಜನವರಿಯ ಜಾತ್ರೆಗೆ ಯಾರು ಹೋಗುವುದಿಲ್ಲ ಹೇಳಿ? ನೀವೂ ಬನ್ನಿ" ಅಂದರು. ಸೊಸೆಯ ಹತ್ತಿರ ಏನು ಹೇಳುತ್ತೀರಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರೇ, "ಹೇಳ್ಲಿಕ್ಕೆ ಏನುಂಟು? ಹುಡುಗನಿಗೆ ಪತ್ರೊಡೆ ಅಂದ್ರೆ ಪ್ರಾಣ" ಅಂದರು.

ಕಾರ್ಕಳದಲ್ಲಿ ಮಳೆ ಹೊಳವಾಗಿತ್ತು. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಬೆಟ್ಟದ ಮೇಲೆ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ನಾನು ಹೆಬ್ರಿಯ ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದರೆ ದೊಡ್ಡಮ್ಮ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ರಿಕ್ಷಾದವನ ಹತ್ತಿರ ಚೌಕಾಸಿ ಮಾಡುತ್ತಿದ್ದರು.

ವಾರ ಬಿಟ್ಟು ಟೀಚರಿಗೆ ಫೋನು ಮಾಡಿದೆ. "ಏನಾಯ್ತು?" ಅಂದೆ. "ನಾನು ಕೇಳಲಿಲ್ಲ. ಶನಿವಾರ ಕ್ಲಾಸಿಗೆ ಬಂದಿದ್ದರು, ಎರಡು ವಚನ ಓದಿದರು. ಡಬ್ಬಿ ಅಲ್ಲೇ ಮರೆತು ಬಂದಿದ್ದಾರಂತೆ. ತರ್ಲಿಕ್ಕೆ ಇನ್ನೊಮ್ಮೆ ಹೋಗಬೇಕಂತೆ" ಅಂದರು.